ಎಡಗಿವಿಯ ಕಚ್ಚು

ಲಾರಿಯವನ ಮೇಲೆ ಗೊಲ್ಲಾಳಪ್ಪನಿಗೆ ಸಿಟ್ಟಿಲ್ಲ. ಅವನು ಯಾರೋ, ಯಾವ ಊರಿನವನೋ, ಮುಖ ಕೂಡ ಕಂಡದ್ದಿಲ್ಲ. ಸಿಟ್ಟೆಲ್ಲ ಒಂಬತ್ತು ತೊಗಲುಗಳದ್ದು. ಸೊಲ್ಲಾಪುರದಲ್ಲಿ ಅರಳೆಯ ಹೊರೆ ಹೊರುವಾಗ ನಡುವೆಯೇ ನಿಂತುಬಿಡುತ್ತಾನೆ. "ತೊಗಲು ಯಾರು ಒಯ್ದ್ರು? ಹೇಳ್ರಿ, ತೊಗಲು ಯಾರು ಒಯ್ದ್ರು?" ಎಂದು ಗೋಡೆಯನ್ನು ಕೇಳುತ್ತಾನೆ. ಜೊತೆಯ ಹಮಾಲರು ನಗುತ್ತಾರೆ. ನಗಲಿ, ಅವರಿಗೇನು ಗೊತ್ತು? ಆ ಮಾತು ಕೇಳಬೇಕಾದ ಕಡೆ, ಕೇಳಬೇಕಾದ ದಿನ ಅವನ ಬಾಯಿಗೆ ಬರಲಿಲ್ಲ. ಈಗ ನಾಲ್ಕು ವರ್ಷವಾಯಿತು, ದಿನಾ ಬರುತ್ತದೆ.

ಅವನು ಅಕ್ಕಲಕೋಟೆ ತಾಲೂಕಿನ ಕರಜಗಿಯ ಕುರುಬ. ತಂದೆತಾಯಿ ಬೇಗ ಹೋದರು. ಸಂಬಂಧದಲ್ಲಿ ಕಾಕಾ ಆಗಬೇಕಾದ ಮಲಕಾಜಪ್ಪನಿಗೆ ಇನ್ನೂರು ಕುರಿಯ ಹಿಂಡಿತ್ತು. ಹದಿನೆಂಟನೆಯ ವಯಸ್ಸಿಗೆ ಗೊಲ್ಲಾಳಪ್ಪ ಆ ಹಿಂಡಿಗೆ ಆರು ವರ್ಷದ ಕರಾರಿನ ಮೇಲೆ ಚಾಕರಿಗೆ ನಿಂತ. ಹೊಟ್ಟೆಗೆ ರೊಟ್ಟಿ, ವರ್ಷಕ್ಕೊಂದು ಕಂಬಳಿ, ಒಂದು ಜೋಡು ಚಪ್ಪಲಿ, ವರ್ಷದ ಮೊದಲಿಗೇ ದೀಪಾವಳಿ ಪಾಡ್ಯದ ದಿನ ಎರಡು ಹೆಣ್ಣುಮರಿ. ಅದೇ ಪಗಾರ. ರೊಕ್ಕದ ಮಾತೇ ಇಲ್ಲ.

ಕೊಟ್ಟ ಮರಿಗಳನ್ನು ಅವನು ಒಯ್ಯುವ ಹಾಗಿರಲಿಲ್ಲ. ಆರು ವರ್ಷ ತುಂಬುವ ತನಕ ಅವು ಕಾಕಾನ ಹಿಂಡಿನಲ್ಲೇ ಮೇಯಬೇಕು. ಅವುಗಳಿಗೆ ಹುಟ್ಟಿದ ಗಂಡುಮರಿ ಕಾಕಾನಿಗೆ, ಹೆಣ್ಣುಮರಿ ಇವನಿಗೆ. ಚಾಕರಿಯವನು ನಡುವೆ ಓಡಿಹೋಗದಿರಲಿ ಎಂದು ಮಾಡಿದ ಕಟ್ಟು ಅದು. ಗುರುತಿಗೆ ಕಾಕಾನ ಕುರಿಗೆ ಬಲಗಿವಿಯಲ್ಲಿ ಕಚ್ಚು, ಗೊಲ್ಲಾಳಪ್ಪನ ಕುರಿಗೆ ಎಡಗಿವಿಯಲ್ಲಿ.

ಕಾಕಾ ಆರಿಸಿ ಕೊಡುತ್ತಿದ್ದ ಮರಿಗಳೋ! ಒಂದು ತಾಯಿ ಸತ್ತದ್ದು, ಇನ್ನೊಂದು ಅವಳಿಯಲ್ಲಿ ಸೊರಗಿದ್ದು. ಗೊಲ್ಲಾಳಪ್ಪ ಅವನ್ನು ಕಂಬಳಿಯ ಮಡಿಲಲ್ಲಿ ಹೊತ್ತು, ಬೇರೆ ಕುರಿಯ ಕಾಲು ಹಿಡಿದು ನಿಲ್ಲಿಸಿ ಮೊಲೆ ಕುಡಿಸಿ ಉಳಿಸಿಕೊಂಡ. ದೊಡ್ಡವಾದ ಮೇಲೂ ಅವು ಅವನ ದನಿ ಕೇಳಿದರೆ ಮೇವು ಬಿಟ್ಟು ಓಡಿ ಬರುತ್ತಿದ್ದವು. ಹಿಂಡಿನ ಇನ್ನೊಬ್ಬ ಆಳು ನಾಗಪ್ಪ ವಯಸ್ಸಿನಲ್ಲಿ ಹಿರಿಯ, ಬಾಯಿ ಜೋರು. "ನಿನ್ನ ಹೆಂಡತಿ ಬಂದ ಮ್ಯಾಲೆ ಇವು ಸವತಿ ಜಗಳ ತಗೀತಾವ ನೋಡಲೇ" ಎಂದು ಕಾಡುತ್ತಿದ್ದ.

ಹೆಂಡತಿ ಬೀರವ್ವ ಮದುವೆಯಾಗಿ ಮೂರು ವರ್ಷವಾದರೂ ಕಂದಲಗಾಂವದ ತವರಿನಲ್ಲೇ ಇದ್ದಳು. ಅವಳಪ್ಪ ಖಂಡಪ್ಪ ಕಡ್ಡಿ ಮುರಿದಂತೆ ಹೇಳಿದ್ದ: "ಅಳಿಯಂದ್ರ, ಚಾಕರಿಯವಗ ಹಟ್ಟಿ ಇಲ್ಲ, ಒಲಿ ಇಲ್ಲ. ಮಗಳನ್ನ ಯಾರ ಹೊಲದಾಗ ಇಡ್ಲಿ? ಸ್ವಂತದ ಹನ್ನೆರಡು ಕುರಿ ಹೊಡಕೊಂಡು ಬರ್ರಿ, ಅವತ್ತೇ ಕರಕೊಂಡು ಹೋಗ್ರಿ."

ಐವತ್ತೈದನೆಯ ಇಸವಿಯ ದೀಪಾವಳಿಗೆ ಕರಾರು ಮುಗಿಯುವುದಿತ್ತು. ಸತ್ತವು ಕಳೆದು ಎಡಗಿವಿಯ ಕಚ್ಚಿನವು ಹದಿನಾಲ್ಕು ಆಗಿದ್ದವು. ಪಾಡ್ಯಕ್ಕೆ ಹದಿನೈದು ದಿನ ಉಳಿದಿತ್ತು.

ಸೊಲ್ಲಾಪುರದ ಕಡೆ ಮೇಯಿಸಿಕೊಂಡು ಹಿಂಡು ಊರಿಗೆ ಹೊರಳಿತ್ತು. ಕುಂಭಾರಿ ದಾಟಿದ ಮೇಲೆ ಅಕ್ಕಲಕೋಟೆಯ ಸಡಕು ಅಡ್ಡ ಹಾಯಬೇಕು. ಇಳಿಹೊತ್ತು. ಗೊಲ್ಲಾಳಪ್ಪ ಮುಂದೆ, ನಾಗಪ್ಪ ಹಿಂದೆ. ಅರ್ಧ ಹಿಂಡು ಆಚೆ ಹೋಗಿತ್ತು. ಇವನ ಕುರಿಗಳು ಈಚೆ ದಂಡೆಯಲ್ಲಿ, ಜಾಲಿಗಿಡದ ಕೆಳಗೆ ಉದುರಿದ ಕಾಯಿ ತಿನ್ನುತ್ತ ಹಿಂದುಳಿದಿದ್ದವು. ಆಗ ಸೊಲ್ಲಾಪುರದ ಕಡೆಯಿಂದ ಹತ್ತಿ ತುಂಬಿದ ಲಾರಿ ಧೂಳೆಬ್ಬಿಸುತ್ತ ಬಂತು.

"ತಡೀ ನಾಗಪ್ಪಣ್ಣಾ! ತಡೀ, ತಡೀ!" ಎಂದು ಗೊಲ್ಲಾಳಪ್ಪ ಆಚೆ ದಂಡೆಯಿಂದ ಗಂಟಲು ಹರಿಯುವಂತೆ ಕೂಗಿದ.

ಅದೇ ಕೆಟ್ಟದ್ದಾಯಿತು. ಉಳಿದ ಕುರಿಗಳು ಬೆದರಿ ನಿಂತವು. ಎಡಗಿವಿಯವು ಒಡೆಯ ಕರೆದನೆಂದು ತಲೆಯೆತ್ತಿದವು. ನಾಗಪ್ಪನ ಕೋಲಿಗೂ ಬಗ್ಗದೆ ಅವನ ದನಿಯತ್ತ ಓಡಿದವು. ಲಾರಿ ನಿಲ್ಲಲಿಲ್ಲ. ಧೂಳು ಕುಳಿತ ಮೇಲೆ ನೋಡಿದರೆ ಸಡಕಿನ ಮೇಲೆ ಹನ್ನೊಂದು. ಬಾಲ ಹಿಡಿದು ಬಂದ ಎರಡು ಕಾಕಾನವು, ಒಂಬತ್ತು ಇವನವು. ಒಂದಕ್ಕೆ ಇನ್ನೂ ಜೀವವಿತ್ತು. ಅದು ಅವನ ಅಂಗೈ ನೆಕ್ಕಿತು. ನಾಗಪ್ಪನೇ ಚೂರಿ ಹಾಕಿದ.

ಹಿಂಡು ಊರ ಹೊರಗಿದ್ದಾಗ ಕುರಿ ಸತ್ತರೆ ಆಳು ತೊಗಲು ಸುಲಿದು ತಂದು ಕೊಡಬೇಕು, ಜೊತೆಗೆ ಕಚ್ಚಿನ ಕಿವಿಯನ್ನೂ ಕೊಯ್ದು ತರಬೇಕು. ಮಾರಿಕೊಂಡು ಸತ್ತಿತೆಂದು ಹೇಳಬಾರದಲ್ಲ! ಮಾಂಸವನ್ನು ಕುಂಭಾರಿಯವರು ಕೊಂಡರು. ಗೊಲ್ಲಾಳಪ್ಪ ಸಡಕಿನ ದಂಡೆಯಲ್ಲಿ ಕುಳಿತು ತೊಗಲುಗಳಿಗೆ ಉಪ್ಪು ಸವರಿದ, ಹನ್ನೊಂದು ಕಿವಿಗಳನ್ನು ಅರಿವೆಯಲ್ಲಿ ಕಟ್ಟಿದ. ಅಳು ಬರಲಿಲ್ಲ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

ನಾಗಪ್ಪ ಪಕ್ಕದಲ್ಲಿ ಕುಕ್ಕರಿಸಿದ. "ಗೊಲ್ಯಾ, ನನ್ನ ಮಾತು ಕೇಳು. ಆ ಕಿವಿ ಒಗದಬಿಡು. ಹಿಂಡಿನಾಗ ಇನ್ನೂ ಕಚ್ಚು ಹಾಕದ ಕುರಿ ಹದಿನೈದಿಪ್ಪತ್ತು ಅದಾವ. ಅದರಾಗ ಒಂಬತ್ತಕ್ಕ ಎಡಗಿವಿ ಕಚ್ಚು. ಊರು ಮುಟ್ಟೂದ್ರಾಗ ಗಾಯ ಒಣಗತೈತಿ. ಮುದುಕಗ ಏನ್ ತಿಳೀತೈತಿ?"

"ಬೀರೋಬಾಗ ತಿಳೀತೈತಲ್ಲಾ ಅಣ್ಣಾ."

"ಬೀರೋಬಾ? ಲಾರಿ ಬಂದಾಗ ಎಲ್ಲಿ ಕುಂತಿದ್ದ ಅಂವಾ?"

ಗೊಲ್ಲಾಳಪ್ಪ ಗಂಟನ್ನು ಇನ್ನೊಂದು ಸುತ್ತು ಬಿಗಿದ.

ಕರಜಗಿ ಮುಟ್ಟಿದ ದಿನ ಹನ್ನೊಂದು ತೊಗಲು, ಹನ್ನೊಂದು ಕಿವಿ, ಮಾಂಸದ ರೊಕ್ಕ, ಎಲ್ಲವನ್ನೂ ಕಾಕಾನ ಮುಂದಿಟ್ಟ. ಆರು ವರ್ಷದ ರೂಢಿ, ಹಾಗೆಯೇ ಇಟ್ಟ. ಮಲಕಾಜಪ್ಪ ತೊಗಲುಗಳನ್ನು ಒಳಗೆ ಹಾಕಿಸಿದ, ರೊಕ್ಕವನ್ನು ಅಂಗಿಯ ಕಿಸೆಗೆ ಸೇರಿಸಿದ. ಆಮೇಲೆ ಕಿವಿಗಳನ್ನು ಕಟ್ಟೆಯ ಮೇಲೆ ಹರವಿ ಒಂದೊಂದಾಗಿ ಹೊರಳಿಸಿ ನೋಡಿ, "ನಂದು ಎರಡ ಹೋಗ್ಯಾವು. ಉಳದಿದ್ದು ನಿನ್ನ ದೈವ" ಎಂದ.

ಮರುದಿನ ಬೀರೋಬಾನ ಗುಡಿಯ ಮುಂದೆ ಪಂಚರು ಕೂತರು.

"ಕಾಕಾ, ಅವು ನನ್ನ ಪಗಾರ ಅದಾವರಿ" ಎಂದ ಗೊಲ್ಲಾಳಪ್ಪ. "ನಿಮ್ಮ ಹಿಂಡು ಕಾಯೂದ್ರಾಗ ಸತ್ತಾವು. ಆರು ವರ್ಷ ದುಡದು ಬರೀ ಕೈಲೆ ಹ್ಯಾಂಗ ಹೋಗ್ಲಿ?"

"ಪಗಾರ ನಾ ಕೊಟ್ಟೀನಿ. ಪ್ರತಿ ಪಾಡ್ಯಕ್ಕ ಈ ಕೈಲೇ ಕಚ್ಚು ಹಾಕೀನಿ. ಕೊಟ್ಟ ಮ್ಯಾಲೆ ಸತ್ತ್ರ ನಾ ಏನ್ ಮಾಡ್ಲಿ? ಆಳಿಗೆ ಪಗಾರ ಕೊಡತೀನಿ, ಅಂವಾ ಅದನ್ನ ದಾರ್ಯಾಗ ಕಳಕೊಂಡ್ರ ಮತ್ತ ಕೊಡಬೇಕೇನು?"

"ಕೊಟ್ಟಿದ್ರ ಒಯ್ಯಾಕ ಯಾಕ ಬಿಡಲಿಲ್ರಿ?"

ಆ ಮಾತಿಗೆ ಒಂದಿಬ್ಬರು ಪಂಚರು ತಲೆದೂಗಿದರು. ನಾಗಪ್ಪನಿಂದ ಎಲ್ಲ ಕೇಳಿಕೊಂಡಿದ್ದ ಮಲಕಾಜಪ್ಪ ಹೌಹಾರಲಿಲ್ಲ. "ಕೂಗಿದಾಂವ ಯಾರು? ಅದನ್ನ ಕೇಳ್ರಿ ಮೊದಲ" ಎಂದ.

ಕೂಗಿದವನು ಗೊಲ್ಲಾಳಪ್ಪನೇ. ಗುಡಿಯ ಮುಂದೆ ನಿಂತು ಇಲ್ಲವೆನ್ನುವುದು ಅವನಿಂದ ಆಗಲಿಲ್ಲ.

ಪಂಚರು ನ್ಯಾಯ ಹೇಳಿದರು. ಕಾಕಾನ ಎರಡು ಕುರಿ ಆಳಿನ ತಪ್ಪಿನಿಂದ ಸತ್ತವು, ಅವಕ್ಕೆ ಬದಲು ಉಳಿದ ಐದರಲ್ಲಿ ಎರಡನ್ನು ಕಾಕಾನಿಗೆ ಬಿಡಬೇಕು. ಹಿರಿಯನಾದ ಕಾಕಾ ದೊಡ್ಡ ಮನಸ್ಸು ಮಾಡಿ, ಮುಂದಿನ ಸಲ ಕುರಿಗಳು ಈದಾಗ ಮೂರು ಹೆಣ್ಣುಮರಿ ಕೊಡಬೇಕು. ಮಲಕಾಜಪ್ಪ ಬೀರೋಬಾನ ಭಂಡಾರದ ಅರಿಷಿಣ ಹಣೆಗೆ ಹಚ್ಚಿಕೊಂಡು, "ಆತು, ಮೂರು ಮರಿ ನನ್ನ ಕಡೆ" ಎಂದ. ಪಂಚರು ಧೋತರ ಜಾಡಿಸಿ ಎದ್ದರು.

ಉಳಿದ ಮೂರು ಕುರಿ ಹೊಡೆದುಕೊಂಡು ಗೊಲ್ಲಾಳಪ್ಪ ಕಂದಲಗಾಂವಕ್ಕೆ ನಡೆದ. ಖಂಡಪ್ಪ ಕುರಿಗಳನ್ನು ನೋಡಿದ, ಅಳಿಯನ ಮುಖ ನೋಡಿದ, ಹೊಲಕ್ಕೆ ಹೋದ. ಬೀರವ್ವ ನೀರು ಕೊಟ್ಟಳು, ರೊಟ್ಟಿ ಬಡಿದಳು. ನಡೆದದ್ದನ್ನೆಲ್ಲ ಕೇಳಿಸಿಕೊಂಡು, ಹಿಟ್ಟಿನ ಕೈಯಲ್ಲೇ ಹೊರಳಿ ಕೇಳಿದಳು:

"ತೊಗಲು ಯಾರು ಒಯ್ದ್ರು?"

"ಕಾಕಾ."

"ಒಂಬತ್ತೂ? ಮಾಂಸದ ರೊಕ್ಕ?"

"ಅದೂ ಕಾಕಾನ."

"ಸತ್ತಿದ್ದು ನಿಮ್ಮವು ಅಂದ್ರ ತೊಗಲು ನಿಮ್ಮದು. ತೊಗಲು ಅವರದು ಅಂದ್ರ ಸತ್ತಿದ್ದೂ ಅವರದು. ಇಷ್ಟು ಕೇಳಾಕ ಬಾಯಿ ಇರಲಿಲ್ಲೇನ್ರಿ ನಿಮಗ?"

ಗೊಲ್ಲಾಳಪ್ಪನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಮೂರು ಕುರಿಗಳನ್ನು ಅವಳ ಹತ್ತಿರ ಬಿಟ್ಟು ಅಂದೇ ತಿರುಗಿ ಹೊರಟ. ಕರಜಗಿಯಲ್ಲಿ ಪಂಚರು, "ಎದ್ದ ಪಂಚಾಯಿತಿ ಮತ್ತ ಕೂಡ್ರೂದಿಲ್ಲ, ಹೋಗೋ" ಎಂದರು. ತೊಗಲುಗಳು ಆಗಲೇ ಸೊಲ್ಲಾಪುರಕ್ಕೆ ಮಾರಿಹೋಗಿದ್ದವು.

ಅಕ್ಕಲಕೋಟೆಯ ಕಚೇರಿಯ ಮುಂದೆ, ಬೇವಿನ ನೆರಳಲ್ಲಿ ಅರ್ಜಿ ಬರೆಯುವ ಅನಂತರಾಯರ ಎದುರು ಹೋಗಿ ಕೂತ. ಅವರು ಬರೆಯುವ ಟಾಕು ಕಿವಿಗೆ ಸಿಕ್ಕಿಸಿಕೊಂಡು ಪೂರಾ ಕೇಳಿದರು.

"ತೊಗಲಿನ ಮಾತು ಖರೇ ಅದ ಗೊಲ್ಲಾಳಪ್ಪಾ. ವಕೀಲಗೂ ಹೊಳೀತಿದ್ದಿಲ್ಲ. ಆದ್ರ ಅರ್ಜಿಯೊಳಗ ಏನಂತ ಬರೀಲಿ? ಪಗಾರ ಎಷ್ಟು ಅಂತ ಸಾಹೇಬ್ರು ಕೇಳತಾರ. ಕುರಿ ಅಂದ್ರ ನಗತಾರ. ಕಾಗದ ಅದ ಏನು?"

"ಕಿವಿ ಇದ್ವುರೀ ರಾಯರ."

"ಎಲ್ಲಿ ಅವ?"

ಕಟ್ಟೆಯ ಮೇಲೆ ಹರವಿದ್ದ ಕಿವಿಗಳನ್ನು ಅಂದೇ ಕಾಕಾನ ನಾಯಿ ತಿಂದಿತ್ತು. ರಾಯರು ಬರೆಯಲಿಲ್ಲ, ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ. "ಸೊಲ್ಲಾಪುರಕ್ಕ ಹೋಗಪಾ. ಅಲ್ಲಿ ಪಗಾರ ಕೈಯಾಗ ಕೊಡತಾರ" ಎಂದರು.

ಹೋದ. ಹಮಾಲಿ ಸಿಕ್ಕಿತು. ಇರಲು ಇನ್ನೂ ಆರು ಜನ ಮಲಗುವ ಖೋಲಿ. ಅಲ್ಲಿಗೆ ಹೆಂಡತಿಯನ್ನು ಹೇಗೆ ಕರೆದೊಯ್ಯುವುದು? ಎರಡು ವರ್ಷ ಕಾದು ಖಂಡಪ್ಪ ಮಗಳಿಗೆ ಮರುಮದುವೆ ಮಾಡಿ, ಉಡಕಿಯಲ್ಲಿ ಬೇರೊಬ್ಬನಿಗೆ ಕೊಟ್ಟ. ಅವನಿಗೆ ನಲವತ್ತು ಕುರಿಯಂತೆ. ಬೀರವ್ವ ಹೋಗುವಾಗ ಎಡಗಿವಿಯ ಕಚ್ಚಿನ ಮೂರೂ ಕುರಿಗಳನ್ನು ಊರಿನವನೊಬ್ಬನ ಕೈಯಲ್ಲಿ ಸೊಲ್ಲಾಪುರಕ್ಕೆ ಹೊಡೆಸಿ ಕಳಿಸಿದಳು. ಖೋಲಿಯಲ್ಲಿ ಕುರಿ ಎಲ್ಲಿ ಕಟ್ಟುವುದು? ಗೊಲ್ಲಾಳಪ್ಪ ಅವನ್ನು ಬಾಜಾರಿಗೆ ಹೊಡೆದುಕೊಂಡು ಹೋದ. ಕಟುಕರವನ ಹಗ್ಗಕ್ಕೆ ಕೊಡುವಾಗ ಬಾಯಿ ಬಿಗಿಹಿಡಿದು ನಿಂತ. ದನಿ ತೆಗೆದರೆ ಅವು ತಿರುಗಿ ಓಡಿ ಬರುತ್ತಿದ್ದವು.

ಪ್ರತಿ ಪಾಡ್ಯಕ್ಕೆ ಮಾತ್ರ ತಪ್ಪದೆ ಕರಜಗಿಗೆ ಹೋಗುತ್ತಾನೆ. ಮಲಕಾಜಪ್ಪನ ಅಂಗಳದಲ್ಲಿ ನಿಂತು ಮೂರು ಮರಿ ಕೇಳುತ್ತಾನೆ. ಮೊದಲ ವರ್ಷ, "ಈ ಸಲ ಬರೀ ಗಂಡಮರಿ ಹುಟ್ಯಾವೋ" ಎಂದ. ಮರುವರ್ಷ ಹಿಂಡಿಗೆ ಬ್ಯಾನಿ ಬಂದಿತ್ತಂತೆ. ಅದರ ಮುಂದಿನ ವರ್ಷ, "ಸೊಲ್ಲಾಪುರದಾಗ ರೊಕ್ಕ ಎಣಸಾಂವ, ನಿನಗ್ಯಾಕಲೇ ಕುರಿ?" ಎಂದು ನಕ್ಕ.

ಈ ಪಾಡ್ಯಕ್ಕೂ ಹೋಗಿದ್ದ. ಮಲಕಾಜಪ್ಪ ಹಾಸಿಗೆ ಹಿಡಿದಿದ್ದಾನೆ, ಮಾತು ನಿಂತಿದೆ. ಗೊಲ್ಲಾಳಪ್ಪ ಹೊಸ್ತಿಲಲ್ಲಿ ನಿಂತು, "ಕಾಕಾ, ಮೂರು ಮರಿ" ಎಂದ. ಮುದುಕ ಕಣ್ಣು ತೆರೆದು ನೋಡಿ, ಗೋಡೆಯ ಕಡೆ ಹೊರಳಿದ. ಮಗ ಹೊರಗೆ ಬಂದು, "ಅಪ್ಪ ನಮಗ ಏನೂ ಹೇಳಿಲ್ಲ" ಎಂದು ಬಾಗಿಲು ಮುಂದೆ ಮಾಡಿದ. ಅಂಗಳದಲ್ಲಿ ಹಬ್ಬದ ದಿನ ಹುಟ್ಟಿದ ಎರಡು ಮರಿಗಳು ಬಿಸಿಲಿಗೆ ನಿಂತಿದ್ದವು. ಎರಡೂ ಹೆಣ್ಣು. ಗೊಲ್ಲಾಳಪ್ಪ ಅವುಗಳ ಇನ್ನೂ ಕಚ್ಚು ಬೀಳದ ಕಿವಿ ಮುಟ್ಟಿ ನೋಡಿ, ಸೊಲ್ಲಾಪುರದ ಬಸ್ಸಿಗೆ ನಡೆದ.

ಮೂರು ಹೆಣ್ಣುಮರಿ ಇನ್ನೂ ಬರಬೇಕು.