ತಳದಲ್ಲಿ ಉಳಿದ ಕಾರ್ಡು

ಮೊನ್ನೆ ಕಪಾಟಿನ ಮೇಲಿಂದ ತಗಡಿನ ಡಬ್ಬಿಯೊಂದನ್ನು ಇಳಿಸಿ ಮುಚ್ಚಳ ತೆಗೆದೆ. ಇಂಗಿನ ಘಾಟು ಮೂಗಿಗೆ ಬಡಿಯಿತು. ಒಳಗೆ ಇಂಗಿಲ್ಲ, ಆಟದ ಕಾರ್ಡುಗಳಿವೆ. ಇಸ್ಪೀಟಲ್ಲ, ರಾಕ್ಷಸರು, ಮಂತ್ರಗಳು, ಹಾರುವ ಹಾವುಗಳು ಇರುವಂಥವು. ನನಗೆ ಈ ವಯಸ್ಸಿನಲ್ಲಿ ಇವು ಹೇಗೆ ಬಂದವು ಎಂದು ಹೇಳಬೇಕಾದರೆ ಕಾಕಾನ ಜೊತೆ ಕಾರ್ಡಿನ ಪಂದ್ಯಕ್ಕೆ ಹೋದ ದಿನದ ಮಾತು ಹೇಳಬೇಕು.

ಆ ದಿನ ಏನೆಲ್ಲ ಆಗಬಹುದಿತ್ತು! ಇಳಕಲ್ಲಿನಿಂದ ಹೊರಟ ಬಸ್ಸು ಹುನಗುಂದ ಮುಟ್ಟುವುದರೊಳಗೆ ಪಂಕ್ಚರ್ ಆಗಬಹುದಿತ್ತು. ಕಾಕಾಗೆ ಸಕ್ಕರೆ ಇಳಿದು ಕಣ್ಣು ಕತ್ತಲೆ ಬರಬಹುದಿತ್ತು. ಅವರ ಚಷ್ಮಾ ಕಿರಾಣಿ ಅಂಗಡಿಯ ತಕ್ಕಡಿಯ ಮೇಲೆಯೇ ಉಳಿಯಬಹುದಿತ್ತು. ಇಂಗಿನ ವಾಸನೆಗೆ ಎದುರಾಳಿ ತಕರಾರು ತೆಗೆಯಬಹುದಿತ್ತು. ಕಾಕಾನ ಮಗಳು ಬರದೇ ಇರಬಹುದಿತ್ತು. ಬಂದರೂ, ಅಪ್ಪನನ್ನು ಕಂಡ ಕೂಡಲೇ ಎದ್ದು ಹೋಗಬಹುದಿತ್ತು. ನಾನು ವಿಮಾ ಏಜೆಂಟ. ಆಗಬಾರದ್ದನ್ನು ಮೊದಲೇ ಎಣಿಸುವುದು ನನ್ನ ಹೊಟ್ಟೆಪಾಡು. ಹೊಟ್ಟೆಪಾಡಿಗಲ್ಲದಿದ್ದರೂ ಅದನ್ನೇ ಮಾಡುತ್ತಿದ್ದೆ ಎನ್ನುವುದು ಬೇರೆ ಮಾತು. ಇವ್ಯಾವೂ ಆಗಲಿಲ್ಲ.

ಕಾಕಾ ಎಂದರೆ ನಮ್ಮ ಮನೆಯ ಕೆಳಗಿನ ಕಿರಾಣಿ ಅಂಗಡಿಯವರು. ಜೋಳ ಅಳೆಯುವಾಗ ಡಬ್ಬಿಯ ತಳ ಕೆರೆಯುತ್ತಿರಲಿಲ್ಲ. ಒಂದು ಹಿಡಿಯಷ್ಟಾದರೂ ಉಳಿಯಬೇಕು, ಹೊಸ ಚೀಲ ಅದರ ಮೇಲೆಯೇ ಸುರಿಯಬೇಕು. ಗಿರಾಕಿ ಎಷ್ಟು ಗೋಗರೆದರೂ, “ತಳಾ ಬರಿದ ಮಾಡಬಾರ್ದವಾ, ನಾಳಿ ಬಾ,” ಎನ್ನುತ್ತಿದ್ದರು. ಅವರ ಮನೆಯಲ್ಲೂ ಇದೇ ರೂಢಿ. ಹಿಟ್ಟು, ಎಣ್ಣೆ, ಕುಂಕುಮದ ಭರಣಿ... ಯಾವುದೂ ಬರಿದಾಗುತ್ತಿರಲಿಲ್ಲ.

ಬರಿದಾಗಿದ್ದು ಮಗಳ ಖೋಲಿ ಮಾತ್ರ. ಆಕೆ ತಾನು ಮೆಚ್ಚಿದವನನ್ನು ಮದುವೆಯಾಗಿ ಬಾಗಲಕೋಟೆಗೆ ಹೋದಾಗ ಕಾಕಾ, “ಈ ಹೊಸ್ತಲಾ ತುಳೀಬ್ಯಾಡ,” ಅಂದಿದ್ದರು. ಆಕೆ ಖರೆಯೇ ತುಳಿಯಲಿಲ್ಲ. ಕಾಲೇಜಿನಲ್ಲಿದ್ದಾಗ ಕೂಡಿಸಿದ್ದ ಈ ಕಾರ್ಡುಗಳನ್ನು ಬಿಟ್ಟುಹೋಗಿದ್ದಳು. ಕಾಕಾ ಅವನ್ನು ಇಂಗಿನ ಹಳೆಯ ಡಬ್ಬಿಯಲ್ಲಿ ಹಾಕಿಟ್ಟಿದ್ದರು. ವರ್ಷಕ್ಕೊಮ್ಮೆ ಬಾಗಲಕೋಟೆಯ ನವನಗರದಲ್ಲಿ ಈ ಆಟದ ಪಂದ್ಯ ನಡೆಯುತ್ತದೆ, ಮಗಳು ಅಲ್ಲಿ ತಪ್ಪದೆ ಆಡುತ್ತಾಳೆ ಎಂದು ಯಾರೋ ಹೇಳಿದ್ದೇ ತಡ, ಕಾಕಾ ಮೊಬೈಲಿನಲ್ಲಿ ನೋಡಿ ನೋಡಿ ಆಟ ಕಲಿತರು. ಜೊತೆಗೆ ಆಡಲು ಒಬ್ಬ ಬೇಕಿತ್ತಲ್ಲ, ನನ್ನನ್ನು ಹಿಡಿದರು. ಮಧ್ಯಾಹ್ನ ಅರ್ಧ ಶಟರ್ ಇಳಿಸಿ, ಬೆಲ್ಲದ ಪೆಂಟೆಯ ಪಕ್ಕ ಕೂತು ಆಡುತ್ತಿದ್ದೆವು.

ಈ ಆಟದಲ್ಲಿ ಎರಡು ದಾರಿ. ಹೆಚ್ಚಿನವರು ಮೊದಲಿನಿಂದಲೇ ಹೊಡೆಯುತ್ತಾ ಹೋಗುತ್ತಾರೆ. ಇನ್ನೊಂದು ದಾರಿಗೆ ಕಾಂಬೊ ಅನ್ನುತ್ತಾರೆ. ಬಹಳ ಹೊತ್ತು ಹೊಡೆತ ತಿನ್ನುತ್ತಾ ಬೇಕಾದ ಕಾರ್ಡು ಕೂಡಿಸುವುದು. ಕೂಡಿದ ಮೇಲೆ ಒಂದರ ಬಾಲಕ್ಕೆ ಇನ್ನೊಂದನ್ನು ಗಂಟು ಹಾಕುತ್ತಾ ಒಂದೇ ಸರದಿಯಲ್ಲಿ ಮುಗಿಸುವುದು. ಪ್ರತಿ ಹೆಜ್ಜೆಯನ್ನೂ ಬಾಯಿಬಿಟ್ಟು ಹೇಳಬೇಕು. ಎದುರಿನವರು ತಡೆಯುವ ಕಾರ್ಡು ಇಳಿಸಬೇಕು, ಇಲ್ಲವೇ “ಹೂಂ” ಅನ್ನಬೇಕು. ಕಾಕಾ ಆರಿಸಿಕೊಂಡದ್ದು ಇದ್ದುದರಲ್ಲೇ ಅತಿ ಉದ್ದದ ಕಾಂಬೊ. ಹೂಂ ಅಂದು ಅಂದು ನನಗೆ ಆಕಳಿಕೆ ಬರುತ್ತಿತ್ತು.

“ಕಾಕಾ, ಲಗೂನ ಮುಗ್ಯೂವಂಥಾದ್ದ ಯಾವ್ದೂ ಇಲ್ಲೇನ್ರಿ?” ಎಂದು ಒಮ್ಮೆ ಕೇಳಿದೆ.

ಕಾಕಾ ಸಕ್ಕರೆ ಪುಡಿಕೆಗೆ ದಾರ ಸುತ್ತುತ್ತಿದ್ದರು. “ಅದಾವ. ಆದ್ರ ಇದ್ರಾಗ ಒಂದೊಂದ ಹೆಜ್ಜಿಗೂ ಆಕಿ ಹೂಂ ಅನ್ನಾಕ ಬೇಕಲ್ಲೋ ತಮ್ಮಾ,” ಅಂದರು. ಆಮೇಲೆ ನಾನು ಆಕಳಿಸಲಿಲ್ಲ.

ತಾವಾಗಿ ಹೋಗಿ ಮಾತಾಡಿಸುವ ಪೈಕಿ ಅಲ್ಲ ಅವರು. ಆಟ ತಂದು ಎದುರು ಕೂಡಿಸಿದರೆ ಮಾತ್ರ... ಆದರೆ ಪಂದ್ಯದಲ್ಲಿ ಮಗಳ ಹೆಸರು ಜೋಡಿಗಳ ಪಟ್ಟಿಯ ಆ ಅರ್ಧದಲ್ಲಿ, ಇವರದು ಈ ಅರ್ಧದಲ್ಲಿ ಬಿತ್ತು. ಕೂಡಬೇಕಾದರೆ ಇಬ್ಬರೂ ಫೈನಲ್ ಮುಟ್ಟಬೇಕು. ಕಾಕಾ ಗೆಲ್ಲುತ್ತಾ ಹೋದರು. ಫೈನಲ್ ಮುಟ್ಟಲು ಉಳಿದದ್ದು ಒಂದೇ ಆಟ, ಎದುರಿಗೆ ಗಡ್ಡದ ಹುಡುಗ.

ಕಾಂಬೊ ಕೂಡಿತು. ಹೆಜ್ಜೆ ಹೆಜ್ಜೆಗೂ ಹುಡುಗ ಹೂಂ ಅಂದ. ಕೊನೆಯ ಹಂತದಲ್ಲಿ ತಮ್ಮ ಕಟ್ಟಿನಿಂದ ಎಷ್ಟು ಬೇಕಾದರೂ ಕಾರ್ಡು ಎಳೆದುಕೊಳ್ಳಬಹುದು. ಕಾಕಾ ಎಳೆಯುತ್ತಾ ಹೋದರು. ಅಷ್ಟರಲ್ಲಿ ಆ ಕಡೆಯ ಟೇಬಲ್ಲಿನಿಂದ ಚಪ್ಪಾಳೆ ಕೇಳಿಸಿತು. ಮಗಳು ಗೆದ್ದಿದ್ದಳು. ಕಾಕಾ ಅತ್ತ ನೋಡಿದರು. ಆಕೆಯೂ ನೋಡಿದಳು, ಎದ್ದು ಹೋಗಲಿಲ್ಲ.

ಕಟ್ಟಿನಲ್ಲಿ ಒಂದೇ ಒಂದು ಕಾರ್ಡು ಉಳಿದಿತ್ತು. ಅವರ ಬೆರಳು ಅಲ್ಲಿಗೆ ಹೋಗಿ ಹಿಂದೆ ಬಂತು.

“ಇನ್ನೂ ಒಂದ ಐತಲ್ರಿ ಅಜ್ಜಾರ, ಎಳೀರಿ,” ಅಂದ ಹುಡುಗ.

“ಇರ್ಲಿ ಬಿಡಪಾ, ತಳಾ ಬರಿದ ಮಾಡಬಾರ್ದು. ಸಾಕು,” ಅಂದರು ಕಾಕಾ. ಕಣ್ಣು ಇನ್ನೂ ಮಗಳ ಮೇಲೇ ಇತ್ತು.

ಸಾಕು ಅಂದ ಮೇಲೆ ಮತ್ತೆ ಎಳೆಯುವಂತಿಲ್ಲ. ಕಾಕಾ ಕೊನೆಯ ಏಟು ಹಾಕಿದರು. ಹುಡುಗ ಈ ಸಲ ಹೂಂ ಅನ್ನಲಿಲ್ಲ, ತಡೆಯುವ ಕಾರ್ಡು ಇಳಿಸಿದ. ಅದನ್ನು ಮುರಿಯುವ ಕಾರ್ಡು ಕಾಕಾನ ಕಟ್ಟಿನಲ್ಲಿ ಒಂದೇ ಇತ್ತು. ಕೈಯಲ್ಲಿ ಹುಡುಕಿದರು, ಮೇಜಿನ ಮೇಲೆ ಹುಡುಕಿದರು, ಆಮೇಲೆ ಸುಮ್ಮನೆ ತಳದ ಕಾರ್ಡನ್ನು ತಿರುವಿ ನೋಡಿದರು. “ಇಲ್ಲೇ ಕುಂತೈತಿ ನೋಡು,” ಅಂದರು, ಕಳೆದ ಚಷ್ಮಾ ಸಿಕ್ಕವರ ಹಾಗೆ. ಮುಂದಿನ ಸರದಿಗೆ ಹುಡುಗ ಮುಗಿಸಿದ.

“ಕಾಕಾ, ಹಂಗಽ ಹೋಗಿ ಮಾತಾಡ್ಸ್ರಿ,” ಅಂದೆ. “ಬಸ್ ತಪ್ಪತೈತಿ ನಡಿ,” ಅಂದರು. ಬಸ್ಸುಗಳು ಬೇಕಾದಷ್ಟಿದ್ದವು. ಅಮೀನಗಡ ದಾಟಿದ ಮೇಲೆ ಕಿಟಕಿಯ ಕಡೆ ಮುಖ ಮಾಡಿಯೇ, “ಬರೂ ವರ್ಷ,” ಅಂದರು.

ಆ ವರ್ಷ ಬರಲಿಲ್ಲ. ಬೇಸಿಗೆಯಲ್ಲಿ, ಅಂಗಡಿಯಲ್ಲೇ, ಕುರ್ಚಿಯ ಮೇಲೆ ಕೂತಲ್ಲೇ...

ಮಗಳು ಬಂದಳು. ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತು, ದಾಟಿದಳು. ಅಂಗಡಿ ತೆರವು ಮಾಡುವಾಗ ಈ ಡಬ್ಬಿಯನ್ನು ನನ್ನ ಕೈಗಿಟ್ಟಳು. ಕಾಕಾ ಅಷ್ಟು ಉದ್ದದ ಕಾಂಬೊ ಯಾಕೆ ಆರಿಸಿದ್ದರು ಎಂದು ಆಕೆಗೆ ಹೇಳಲು ನನಗೆ ಅವತ್ತು ಬಾಯಿ ಬರಲಿಲ್ಲ. ಅತ್ತುಬಿಟ್ಟರೆ, ಬಿದ್ದುಬಿಟ್ಟರೆ, ನನ್ನ ಮೇಲೆ ಸಿಟ್ಟಾದರೆ... ನನ್ನ ಎಣಿಕೆಗೆ ಕೊನೆಯಿಲ್ಲ. ಮೊನ್ನೆ ಊರಿಗೆ ಬಂದವಳು ನಮ್ಮ ಮನೆಗೂ ಬಂದಾಗ ಹೇಳಿದೆ. ಆಕೆ ಅಳಲಿಲ್ಲ. “ಡಬ್ಬಿ ಎಲ್ಲೈತ್ರಿ ಅಣ್ಣಾರ? ಅಪ್ಪನ ಕಟ್ಟು ನೀವು ಆಡ್ರಿ,” ಅಂದಳು.

ಆಡಿದೆವು. ನಾನು ಹೆಜ್ಜೆ ಹೇಳುತ್ತಾ ಹೋದೆ. ಆಕೆ ಪ್ರತಿಯೊಂದಕ್ಕೂ ಹೂಂ ಅಂದಳು, ನನ್ನ ಮುಖ ನೋಡದೆ. ಅಷ್ಟೂ ಹೂಂಗಳು ನನ್ನ ಕಿವಿಗೆ ಬಿದ್ದವು, ಕೇಳಬೇಕಾದವರು ಇರಲಿಲ್ಲ. ಕಾರ್ಡು ಎಳೆಯುತ್ತಾ ಕಟ್ಟಿನ ಕೊನೆಗೆ ಬಂದೆ. ತಳದ ಒಂದಕ್ಕೆ ನಾನು ಕೈ ಹಾಕುವುದರೊಳಗೆ ಆಕೆ ಅದರ ಮೇಲೆ ಅಂಗೈ ಇಟ್ಟಳು.

“ಅದೊಂದ ಇರ್ಲಿ ಬಿಡ್ರಿ,” ಅಂದಳು.