ಕರೆಂಟು ಹೋದಾಗ ಕೇಳಿಸಿದ್ದು

ಗೆಳತಿಯರೇ, ಇದನ್ನು ರೈಲಿನಿಂದಲೇ ಬರೆಯುತ್ತಿದ್ದೇನೆ. ಪುಣೆಯ ತಂಗಿಯ ಮನೆಗೆ ಇದೇ ಮೊದಲ ಸಲ ಒಬ್ಬಳೇ ರೈಲಿನಲ್ಲಿ ಹೊರಟಿದ್ದೇನೆ. ಮಿರಜ ದಾಟಿದ ಮೇಲೆ ಬನಹಟ್ಟಿಯಿಂದ ನಮ್ಮ ಯಜಮಾನರ ಫೋನು ಬಂತು. ಅವರ ದನಿಯ ಹಿಂದೆ ನಮ್ಮ ಎಂಟೂ ಪವರ್‌ಲೂಮ್ ಮಗ್ಗಗಳ ಗದ್ದಲ. ಅವರು ಮೂರು ಸಲ ಕೂಗಿದ ಮೇಲೆ ಕೇಳಿಸಿತು:

"ಊಟಾ ಮಾಡಿದೇನ?"

"ಮಾಡೇನ್ರಿ. ಯಾಕೋ ನೀವೂ ಇರಬೇಕಿತ್ತು ಅನಸಾಕತ್ತೈತಿ," ಎಂದೆ ಮೆಲ್ಲಗೆ.

"ಏನಂದಿ? ಜೋರ್ ಹೇಳು!"

ಮಗ್ಗದ ಮನೆಯವರು ನಾವು, ಗುಟ್ಟನ್ನೂ ಕೂಗಿಯೇ ಹೇಳುವವರು. ರೈಲಿನಲ್ಲಿದ್ದೇನೆ ಎಂಬುದನ್ನೇ ಮರೆತು ಕೂಗಿಬಿಟ್ಟೆ: "ನೀವಿಲ್ದ ಭಾಳ ಬ್ಯಾಸರ ಆಗೇತ್ರೀ!"

ಇಡೀ ಬೋಗಿ ನನ್ನತ್ತ ತಿರುಗಿತು. ಎದುರಿನ ಅಜ್ಜಿ ಎಲೆಅಡಿಕೆ ಜಗಿಯುವುದನ್ನೇ ನಿಲ್ಲಿಸಿದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವಷ್ಟರಲ್ಲಿ ಅತ್ತ ಬನಹಟ್ಟಿಯಲ್ಲಿ ಕರೆಂಟು ಹೋಯಿತು. ಎಂಟೂ ಮಗ್ಗ ಒಮ್ಮೆಲೇ ನಿಂತವು. ನಮ್ಮವರ ಕೂಗು ಮಾತ್ರ ನಿಲ್ಲಲಿಲ್ಲ:

"ನನಗೂ ನೀ ಇಲ್ದ ಮನ್ಯಾಗ ಇರಾಕ ಆಗವಲ್ದು! ಲಗೂನ ಬಾ!"

ಓಣಿಗೆಲ್ಲ ಕೇಳಿರಬೇಕು. ಕೆಲಸದವರು ಕೇಕೆ ಹಾಕಿದರು. ಆಮೇಲೆ ಅತ್ತೆಯವರ ದನಿ: "ಯಾರನ್ನ ಕರ್ಯಾಕತ್ತೀಯೋ?"

ಫೋನು ಕಟ್ಟಾಯಿತು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಈ ಮನುಷ್ಯನ ಬಾಯಿಂದ ಇಂಥದ್ದೊಂದು ಮಾತು ನಾನು ಕೇಳಿಯೇ ಇರಲಿಲ್ಲ.

ಕರೆಂಟು ಹೋದಾಗಲೆಲ್ಲ ಶಾಪ ಹಾಕುವ ಬಾಯಿ ನನ್ನದು. ಇವತ್ತು ಹೋಗದಿದ್ದರೆ ಈ ಮಾತೂ ಮಗ್ಗದ ಸದ್ದಿನಲ್ಲಿ ಮುಳುಗುತ್ತಿತ್ತು. ಇಷ್ಟು ವರ್ಷದಲ್ಲಿ ಇಂಥವು ಇನ್ನೆಷ್ಟು ಮುಳುಗಿವೆಯೋ!