ಹೂಂ ಅನ್ನುವ ಕೆಲಸ

ನಾನು ಚಿಕ್ಕವಳಿದ್ದಾಗ ಮನೆಯಲ್ಲಿ ನನಗೊಂದು ದೊಡ್ಡ ಕೆಲಸವಿತ್ತು: ಅಪ್ಪ ಕತೆ ಹೇಳುವಾಗ ಹೂಂಗುಟ್ಟುವುದು. ನಗಬೇಡಿ, ಮೊಮ್ಮಕ್ಕಳೇ. ಆಗ ನಮ್ಮೂರು ಕಾಖಂಡಕಿಯಲ್ಲಿ ಯಾರಾದರೊಬ್ಬರು ಹೂಂ ಎನ್ನದೆ ಕತೆ ಒಂದು ಹೆಜ್ಜೆಯೂ ಮುಂದೆ ಹೋಗುತ್ತಿರಲಿಲ್ಲ. ಮೊದಲು ಅದು ಅಕ್ಕನ ಕೆಲಸ. ಅಕ್ಕ ಗಂಡನ ಮನೆಗೆ ಹೋದ ಮೇಲೆ ನನಗೆ ಬಂತು.

ಅದು ಸೀತನಿಯ ಕಾಲ. ಸಂಜೆಯಾದರೆ ಹೊಲಗಳಲ್ಲಿ ಸಗಣಿ ಕುಳ್ಳಿನ ಬೆಂಕಿ ಹಾಕಿ ಹಸಿ ಜೋಳದ ತೆನೆ ಸುಟ್ಟು ಕಾಳು ಉದುರಿಸುತ್ತಿದ್ದರು; ಅದೇ ಸೀತನಿ. ಆ ದಿನ ಓಣಿಯ ಜನರೆಲ್ಲ ಅಲ್ಲಿಗೇ ಹೋಗಿದ್ದರು. ಕಟ್ಟೆಯ ಮೇಲೆ ಅಪ್ಪ, ನಾನು ಇಬ್ಬರೇ. ಅಪ್ಪ ನಮ್ಮ ಓಣಿಯ ಬಾವಿ ತೋಡಿದ ಕತೆ ಶುರುಮಾಡಿದ. ಎಷ್ಟು ಆಳ ಹೋದರೂ ನೀರಿಲ್ಲ, ಬರೀ ಕಲ್ಲು. ಇನ್ನು ಕೈಬಿಡಬೇಕು ಎನ್ನುವಾಗ ಎಲ್ಲಿಂದಲೋ ಬಂದ ಮುದುಕಿಯೊಬ್ಬಳು ಬಾವಿಯೊಳಗೆ ಬಗ್ಗಿ ನೋಡಿ ಒಂದು ಮಾತು ಹೇಳಿದಳಂತೆ.

ಅಷ್ಟರಲ್ಲಿ ಸುಟ್ಟ ತೆನೆಯ ಘಮ ಬಂತು. ಅಪ್ಪ ಎಲೆ ಅಡಿಕೆ ಹಾಕಿಕೊಳ್ಳಲು ಸಂಚಿ ಬಿಚ್ಚಿದ್ದೇ ತಡ, ನಾನು ಓಟ ಕಿತ್ತೆ.

ಬಿಸಿ ಸೀತನಿಯನ್ನು ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಬೆಲ್ಲದ ಜೊತೆ ಮುಕ್ಕಿ, ಅಪ್ಪನಿಗೂ ಒಂದಿಷ್ಟು ಉಡಿಯಲ್ಲಿ ತಂದೆ. ಅಪ್ಪ ಅದೇ ಜಾಗದಲ್ಲಿ ಒಬ್ಬನೇ ಕೂತಿದ್ದ.

“ಯಪ್ಪಾ, ಆ ಮುದುಕಿ ಏನಂದ್ಲು?”

“ಹೂಂ ಅನ್ನಾವ್ರ ಓಡಿ ಹೋದ್ರ ಕತಿ ಹೆಂಗ ಮುಂದ ಹೊಕ್ಕೈತಿ ಯವ್ವಾ? ನಾಳೆ ಹೇಳ್ತೀನಿ.”

ಅಪ್ಪ ನಕ್ಕ. ಆದರೂ ಮುಖ ಸಪ್ಪಗಿತ್ತು. ನಾಳೆ ನಾಳೆ ಎನ್ನುತ್ತಲೇ ಸುಗ್ಗಿ ಬಂತು. ಮರುವರ್ಷದ ಸೀತನಿಗೆ ಅಪ್ಪನೇ ಇರಲಿಲ್ಲ. ಅಕ್ಕನನ್ನು ಕೇಳಿದೆ. ಅವಳು ಆ ಕತೆ ಕೇಳಿಯೇ ಇರಲಿಲ್ಲ.

ಹೋದ ಭಾನುವಾರ ವಿಜಯಪುರದ ಗ್ರಂಥಾಲಯದಲ್ಲಿ ಹಳೆಯ ಊರಕತೆಗಳನ್ನು ಕೂಡಿಡುವ ಕಾರ್ಯಕ್ರಮಕ್ಕೆ ನೀವೇ ನನ್ನನ್ನು ಕರೆದುಕೊಂಡು ಹೋದಿರಲ್ಲ. ತುಂಬಿದ ಸಭೆ. ನನ್ನ ಮುಂದೆ ಮೈಕು. ಅಲ್ಲಿದ್ದ ಹುಡುಗಿ ಹೇಳಿದಳು: “ಯಾರೂ ನಡಕ ಸಪ್ಪಳ ಮಾಡಬ್ಯಾಡ್ರಿ, ರೆಕಾರ್ಡಿಂಗ್ ಕೆಡತೈತಿ. ನೀವು ಹೇಳ್ರಿ ಅಜ್ಜಿ.”

ನಾನು ಬಾವಿಯ ಕತೆಯನ್ನೇ ಶುರುಮಾಡಿದೆ. ಅಷ್ಟು ಜನರಿದ್ದರೂ ಒಂದು ಹೂಂ ಇಲ್ಲ. ಮುದುಕಿ ಬಗ್ಗಿ ನೋಡುವಲ್ಲಿಗೆ ನನ್ನ ಮಾತು ನಿಂತಿತು. ಮುಂದಿನದು ನನಗೆ ಗೊತ್ತಿಲ್ಲ, ಅದು ನಿಜ. ಆದರೆ ಆ ಸಂಜೆ ಕಟ್ಟೆಯ ಮೇಲೆ ಅಪ್ಪನಿಗೆ ಎಷ್ಟು ಒಂಟಿ ಅನಿಸಿತ್ತೆಂದು ನನಗೆ ಅಲ್ಲಿ ಕೂತಾಗಲೇ ತಿಳಿದದ್ದು.

ನಿಮ್ಮ ಕಾಲದ ಕತೆಗಳು ಮೊಬೈಲಿನಲ್ಲಿ ಭದ್ರವಾಗಿರುತ್ತವೆ. ಒತ್ತಿದರೆ ಸಾಕು, ಯಾರು ಕೇಳಲಿ ಬಿಡಲಿ, ಕೊನೆಯವರೆಗೂ ಹೇಳಿ ಮುಗಿಸುತ್ತವೆ. ನಮ್ಮವು ಬಲು ಹಟಮಾರಿ. ಅದಕ್ಕೇ, ನಾನು ಕತೆ ಹೇಳುತ್ತಾ ನಡುವೆ ಸುಮ್ಮನಾದರೆ, ಅಜ್ಜಿ ಮರೆತಳು ಎಂದುಕೊಂಡು ಎದ್ದು ಹೋಗಬೇಡಿ. ನಿಮ್ಮ ಒಂದು ಹೂಂಗಾಗಿ ಕಾಯುತ್ತಿರುತ್ತೇನೆ.